ಪರವೆ ಮತ್ತು ಸಂಕಿಲೆ: ನಂಬಿಯಣ್ಣನ ಕಥೆಯಲ್ಲಿ ಮಾತು ಮತ್ತು ಮುನಿಸು

ಪುರಾತನರ ಚರಿತ್ರೆಗಳಲ್ಲಿ ನಂಬಿಯಣ್ಣನ ಚರಿತ್ರೆಯು ಭಕ್ತರಿಗೆ ಎಷ್ಟು ಪ್ರಿಯವಾದುದೋ ವಿಚಾರಪರರಿಗೆ ಅಷ್ಟೇ ಮುಜುಗರವನ್ನು ತಂದುದಾಗಿದೆ. ಮುನಿದ ಮಡದಿಯನ್ನು ಸಂತೈಸಲು ಶಿವನೇ ನಡುರಾತ್ರಿಯಲ್ಲಿ ಭಕ್ತನ ಪರವಾಗಿ ಬೀದಿಯಲ್ಲಿ ನಡೆದುಹೋದನೆಂಬ ಪ್ರಸಂಗವನ್ನು ಕೇಳಿ ಕಣ್ಣೀರು ತುಂಬಿಕೊಳ್ಳುವವರುಂಟು. ಒಬ್ಬಳನ್ನು ಬಿಟ್ಟು ಮತ್ತೊಬ್ಬಳನ್ನು ವರಿಸಿ, ಅವಳನ್ನೂ ಬಿಟ್ಟು ಮೊದಲಿನವಳ ಬಳಿಗೆ ಮರಳಿದವನು ಅರುವತ್ತುಮೂವರಲ್ಲಿ ಒಬ್ಬನೆನಿಸಿದುದು ಹೇಗೆಂದು ಕೇಳುವವರೂ ಉಂಟು. ಮೊದಲನೆಯವರು ಈ ಪ್ರಶ್ನೆಯನ್ನು ಕೇಳುವುದೇ ಅಪಚಾರವೆಂದು ಬಗೆಯುತ್ತಾರೆ. ಎರಡನೆಯವರು ಪ್ರಶ್ನೆಯನ್ನು ಕೇಳಿದೊಡನೆಯೇ ಕಥೆಯನ್ನು ಮುಚ್ಚಿಡುತ್ತಾರೆ. ಈ ಇಬ್ಬರೂ ಪರವೆ ಮತ್ತು ಸಂಕಿಲೆಯರ ಕಡೆಗೆ ತಿರುಗಿ ನೋಡುವುದು ಕಡಮೆ. ಆ ಇಬ್ಬರು ಹೆಣ್ಣುಮಕ್ಕಳ ಕಡೆಯಿಂದ ಈ ಕಥೆಯನ್ನು ಓದಿದರೆ ಏನು ತೋರುತ್ತದೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಕಥೆ ನಮ್ಮವರೆಗೆ ಬಂದ ಬಗೆಯನ್ನು ನೆನೆಯಬೇಕು. ನಂಬಿಯಣ್ಣನು ತಮಿಳುನಾಡಿನ ಸುಂದರಮೂರ್ತಿ ನಾಯನಾರ್. ಆತನೇ ಹಾಡಿದ 100 ಪದಿಗಗಳು ತಿರುಮುರೈಗಳ ಪೈಕಿ ಏಳನೆಯದಾಗಿ ಉಳಿದುಬಂದಿವೆ. ಅರುವತ್ತುಮೂವರ ಹೆಸರುಗಳ ಪರಂಪರೆಗೆ ಮೂಲವಾದ ತಿರುತ್ತೊಂಡತ್ತೊಗೈ ಆತನ ಕೃತಿಯೇ. ಆ ಬಳಿಕ 12ನೆಯ ಶತಮಾನದಲ್ಲಿ, ಚೋಳ ಅರಸ ಎರಡನೆಯ ಕುಲೋತ್ತುಂಗನ ಕಾಲದಲ್ಲಿ, ಶೇಕ್ಕಿಳಾರನು ಪೆರಿಯಪುರಾಣವನ್ನು ರಚಿಸಿ ಈ ಜೀವನಚರಿತ್ರೆಗೆ ತುಂಬು ರೂಪವನ್ನು ಕೊಟ್ಟನು. ಸುಮಾರು 1200ರ ಹೊತ್ತಿಗೆ ಹಂಪೆಯ ಹರಿಹರನು ನಂಬಿಯಣ್ಣನ ರಗಳೆಯನ್ನು ಬರೆದು ಅದನ್ನು ಕನ್ನಡದ ಭಕ್ತಕುಲದ ಸ್ವತ್ತನ್ನಾಗಿ ಮಾಡಿದನು. ಬಸವರಾಜದೇವರ ರಗಳೆಯಂತೆ ಇದೂ ಪದ್ಯಗದ್ಯಗಳ ಸ್ಥಲಗಳಲ್ಲಿ ಸಾಗುವ ದೊಡ್ಡ ರಗಳೆ. ಶೃಂಗಾರವನ್ನು ಭಕ್ತಿಗೆ ಇದಿರಾಗಿ ನಿಲ್ಲಿಸದೆ, ಅದನ್ನೇ ಭಕ್ತಿಯ ಒಡನಾಡಿಯನ್ನಾಗಿಸುವ ಹರಿಹರನ ಮನೋಧರ್ಮಕ್ಕೆ ನಂಬಿಯಷ್ಟು ಒಪ್ಪುವ ನಾಯಕನು ಬೇರೆ ದೊರೆಯುವುದು ಕಷ್ಟ. ಕಥೆಯ ಬೆನ್ನೆಲುಬು ತಮಿಳಿನಲ್ಲಿಯೂ ಕನ್ನಡದಲ್ಲಿಯೂ ಒಂದೇ. ಘಟನೆಗಳ ವಿವರಕ್ಕೆ ಇಲ್ಲಿ ಶೇಕ್ಕಿಳಾರನನ್ನು ಅನುಸರಿಸಿ, ಅವುಗಳ ಅರ್ಥವನ್ನು ನಮ್ಮ ಪರಂಪರೆಯ ಬೆಳಕಿನಲ್ಲಿ ನೋಡಲಾಗಿದೆ.

ಕಥೆ ಆರಂಭವಾಗುವುದು ಕೈಲಾಸದಲ್ಲಿ. ಶಿವನ ಸೇವೆಯಲ್ಲಿದ್ದ ಆಲಾಲಸುಂದರನು ಹೂ ಕೊಯ್ಯಲು ನಂದನವನಕ್ಕೆ ಹೋಗಿ, ದೇವಿಯ ಪರಿಚಾರಿಕೆಯರಾದ ಕಮಲಿನಿ ಮತ್ತು ಅನಿಂದಿತೆಯರನ್ನು ಕಂಡು ಮನಸೋತನು. ಆ ಮೋಹವು ತೀರಿದ ಬಳಿಕ ಮರಳಿ ಬರಲೆಂದು ಮೂವರನ್ನೂ ಭೂಮಿಗೆ ಕಳುಹಿಸಲಾಯಿತು. ಕಮಲಿನಿ ತಿರುವಾರೂರಿನಲ್ಲಿ ರುದ್ರಗಣಿಕೆಯರ ಕುಲದಲ್ಲಿ ಪರವೆಯಾಗಿ ಹುಟ್ಟಿದಳು. ಅನಿಂದಿತೆ ವೆಳ್ಳಾಳರ ಮನೆಯಲ್ಲಿ ಸಂಕಿಲೆಯಾಗಿ ಹುಟ್ಟಿದಳು. ಆದಿಶೈವ ಬ್ರಾಹ್ಮಣರ ಮಗನಾಗಿ ಹುಟ್ಟಿದ ನಂಬಿಯು ಈ ಇಬ್ಬರನ್ನೂ ಕುಲವೆಣಿಸದೆ ಕೈಹಿಡಿದನು. ಶರಣಧರ್ಮದ ಓದುಗರಿಗೆ ಈ ಅಂಶವು ಮೆಚ್ಚುಗೆಯಾಗುವುದು ಸಹಜ. ಆದರೆ ಕುಲದ ಗೋಡೆಯನ್ನು ದಾಟಿದ ಮಾತ್ರಕ್ಕೆ ಮನೆಯೊಳಗಿನ ನ್ಯಾಯವೂ ತಾನಾಗಿ ಸಿದ್ಧಿಸಿತೆಂದು ತಿಳಿಯುವಂತಿಲ್ಲ.

ಈ ಇಬ್ಬರಿಗೂ ಮುಂಚೆ ಒಬ್ಬ ಮದುಮಗಳಿದ್ದಳೆಂಬುದನ್ನು ನಾವು ಮರೆಯುತ್ತೇವೆ. ಪುತ್ತೂರಿನ ಶಿವಾಚಾರ್ಯರೊಬ್ಬರ ಮಗಳೊಡನೆ ನಂಬಿಯ ಮದುವೆ ನಿಶ್ಚಯವಾಗಿತ್ತು. ಮದುವೆಯ ಚಪ್ಪರದೊಳಗೆ ಮುದಿಬ್ರಾಹ್ಮಣನ ವೇಷದಲ್ಲಿ ಬಂದ ಶಿವನು ಓಲೆಪತ್ರವನ್ನು ತೋರಿಸಿ, ಈ ವರನು ತನಗೆ ವಂಶಪಾರಂಪರ್ಯವಾಗಿ ಆಳೆಂದು ವಾದ ಹೂಡಿದನು. ತಿರುವೆಣ್ಣೆನಲ್ಲೂರಿನ ಸಭೆಯಲ್ಲಿ ಆ ವಾದವು ಗೆದ್ದು ನಂಬಿ ಶಿವನ ಆಳಾದನು. ನಾವೆಲ್ಲ ಆ ಓಲೆಯ ಹಿಂದೆ ತಿರುವೆಣ್ಣೆನಲ್ಲೂರಿಗೆ ಹೋಗಿಬಿಡುತ್ತೇವೆ. ಹಸೆಯ ಮೇಲೆ ಉಳಿದವಳನ್ನು ನೋಡುವುದಿಲ್ಲ. ಶೇಕ್ಕಿಳಾರನು ಮಾತ್ರ ಅವಳನ್ನು ಮರೆಯಲಿಲ್ಲ. ಆಕೆ ನಂಬಿಯನ್ನೇ ಧ್ಯಾನಿಸಿ ಶಿವಲೋಕವನ್ನು ಸೇರಿದಳೆಂದು ಹೇಳಿ ಮುಂದೆ ಸಾಗುತ್ತಾನೆ. ಹೇಳಿದ್ದು ಅಲ್ಪವೇ ಆದರೂ ಬಿಟ್ಟುಹೋದವನ ಮಹಿಮೆಯನ್ನು ಹಾಡುವಾಗ ಬಿಡಲ್ಪಟ್ಟವಳ ಲೆಕ್ಕವನ್ನೂ ಬರೆದಿಡಬೇಕೆಂಬ ಪ್ರಜ್ಞೆ ಆ ಕವಿಗಿತ್ತೆಂಬುದಕ್ಕೆ ಇದು ಸಾಕ್ಷಿ.

ಇನ್ನು ಪರವೆಯ ವಿಷಯ. ತಿರುವಾರೂರಿನಲ್ಲಿ ನಂಬಿ ಆಕೆಯನ್ನು ಕಂಡು, ಶಿವನ ಅನುಗ್ರಹದಿಂದ ವರಿಸಿ, ಆ ಊರಿನಲ್ಲೇ ನೆಲಸಿದನು. ಅವರದು ಬಡತನವನ್ನೂ ಕಂಡ ಸಂಸಾರ. ಪರವೆಯು ಹಸಿದಿರುವಳೆಂದು ಹೇಳಿ, ದೊರೆತ ಧಾನ್ಯವನ್ನು ಮನೆಗೆ ಸಾಗಿಸಲು ಆಳುಗಳನ್ನು ಕೊಡೆಂದು ನಂಬಿ ಶಿವನನ್ನೇ ಬೇಡಿದ ಪದಿಗವು ತೇವಾರದಲ್ಲಿದೆ. ದೇವರೊಡನೆ ಗೆಳೆಯನಂತೆ ನಡೆದುಕೊಂಡ ಈ ಭಕ್ತನಿಗೆ ಮಡದಿಯ ಒಲೆಯ ಚಿಂತೆಯೂ ಭಜನೆಯ ವಸ್ತುವಾಗಿತ್ತು. ಆದುದರಿಂದ ಪರವೆಯನ್ನು ಕೇವಲ ಭೋಗದ ಸಂಗಾತಿಯೆಂದು ಬಗೆಯುವುದು ತಪ್ಪು. ಆಕೆ ಭಕ್ತನ ಮನೆಯೊಡತಿ. ಜಂಗಮದಾಸೋಹಕ್ಕೆ ಸಮಾನವಾದ ಅತಿಥಿಸತ್ಕಾರವನ್ನು ನಡೆಸಿದವಳು.

ಅನಂತರ ನಂಬಿ ಯಾತ್ರೆಗೆ ಹೊರಟು ತಿರುವೊತ್ತಿಯೂರಿಗೆ ಬಂದನು. ಅದು ಇಂದು ಚೆನ್ನೈ ನಗರದ ಉತ್ತರದ ಅಂಚಿಗೆ ಸೇರಿಕೊಂಡಿರುವ ಕ್ಷೇತ್ರ. ಅಲ್ಲಿ ಸಂಕಿಲೆಯು ಮದುವೆಯ ಮಾತನ್ನು ತೊರೆದು, ಕನ್ಯಾಮಾಡದಲ್ಲಿದ್ದು ದೇವರಿಗೆ ಹೂಮಾಲೆ ಕಟ್ಟುವ ಸೇವೆಯನ್ನು ಕೈಕೊಂಡಿದ್ದಳು. ತೆರೆಯ ಮರೆಯಲ್ಲಿ ಮಾಲೆಯನ್ನು ಕೊಟ್ಟು ಹಿಂದಿರುಗುತ್ತಿದ್ದ ಆಕೆಯನ್ನು ನಂಬಿ ಕಂಡನು. ಆಕೆಯನ್ನು ತನಗೆ ಕೊಡಿಸಬೇಕೆಂದು ಶಿವನನ್ನು ಬೇಡಿದನು. ಶಿವನು ಸಂಕಿಲೆಯ ಕನಸಿನಲ್ಲಿ ಕಾಣಿಸಿಕೊಂಡು ನಂಬಿಯ ಬಯಕೆಯನ್ನು ತಿಳಿಸಿದನು.

ಆ ಕನಸಿನಲ್ಲಿ ಸಂಕಿಲೆ ಕೊಟ್ಟ ಉತ್ತರವೇ ಈ ಚರಿತ್ರೆಯ ಹೃದಯವೆಂದು ನಾನು ತಿಳಿಯುತ್ತೇನೆ. ಆಕೆ ದೇವರ ಮಾತನ್ನು ತಲೆಬಾಗಿ ಒಪ್ಪಿದಳು. ಆದರೆ ಒಂದು ಸಂಗತಿಯನ್ನು ಮುಚ್ಚಿಡದೆ ಮುಂದಿಟ್ಟಳು. ಆತನು ತಿರುವಾರೂರಿನಲ್ಲಿ ಪರವೆಯೊಡನೆ ಸುಖವಾಗಿ ಬಾಳುತ್ತಿರುವವನು, ಇದನ್ನು ನೀನು ಮನಸ್ಸಿಗೆ ತಂದುಕೊಳ್ಳಬೇಕು ಎಂಬುದು ಆಕೆಯ ಅರಿಕೆಯ ಸಾರ. ತನ್ನನ್ನು ವರಿಸಲು ಬಂದವನಿಗೆ ಮೊದಲೇ ಒಬ್ಬ ಹೆಂಡತಿಯಿರುವುದನ್ನು ತಿಳಿದ ಹೊಸಬಳು ಆ ಹಿರಿಯಳನ್ನು ಜರೆಯಲಿಲ್ಲ, ತಾನು ಅವಳಿಗಿಂತ ಚೆಲುವೆಯೆಂದು ಹಿಗ್ಗಲಿಲ್ಲ. ಅಲ್ಲಿ ಒಬ್ಬಳು ಕಾಯುತ್ತಿದ್ದಾಳೆ, ನಾಳೆ ನಾನೂ ಹಾಗೆಯೇ ಕಾಯಬೇಕಾದೀತೆಂಬ ವಿವೇಕ ಅವಳಲ್ಲಿತ್ತು. ಅದಕ್ಕಾಗಿಯೇ ಶಿವನು, ನಿನ್ನನ್ನು ಬಿಟ್ಟು ಹೋಗುವುದಿಲ್ಲವೆಂದು ಆತನು ಆಣೆಯಿಡುವನೆಂಬ ಅಭಯವನ್ನು ಕೊಡಬೇಕಾಯಿತು. ಎಂದರೆ ಸಂಕಿಲೆಯ ಮದುವೆಯ ಆಣೆಯನ್ನು ಬರೆಸಿದುದು ಪರವೆಯ ಒಂಟಿತನವೇ. ಒಬ್ಬರನ್ನೊಬ್ಬರು ಎಂದೂ ಕಾಣದ ಈ ಸವತಿಯರ ನಡುವೆ ಇದ್ದ ನಿಜವಾದ ಸಂಬಂಧ ಇದು. ಹಿಂದಿನವಳ ಪಾಡು ಇಂದಿನವಳಿಗೆ ಪಾಠವಾಯಿತು.

ಆಣೆಯ ಪ್ರಸಂಗವು ಹಾಸ್ಯವನ್ನು ಬೆರೆಸಿಕೊಂಡೇ ಈ ಗಂಭೀರ ಸಂಗತಿಯನ್ನು ಮುಂದುವರಿಸುತ್ತದೆ. ಸನ್ನಿಧಿಯಲ್ಲಿ ಆಣೆಯಿಟ್ಟರೆ ಮುರಿಯಲಾಗದೆಂದು ಅರಿತ ನಂಬಿ, ತಾನು ಆಣೆಯಿಡುವಾಗ ಗರ್ಭಗುಡಿಯನ್ನು ಬಿಟ್ಟು ಬಕುಳವೃಕ್ಷದಡಿಯಲ್ಲಿರಬೇಕೆಂದು ಶಿವನನ್ನು ಒಳಗಿಂದೊಳಗೆ ಕೇಳಿಕೊಂಡನು. ಶಿವನು ಒಪ್ಪಿದನು. ಒಪ್ಪಿ, ಅತ್ತ ಸಂಕಿಲೆಗೆ ಆ ಮರದಡಿಯಲ್ಲೇ ಆಣೆ ಮಾಡಿಸಿಕೋ ಎಂದು ತಿಳಿಸಿದನು! ದೇವರು ಗೆಳೆಯನ ಮಾತನ್ನೂ ಮೀರಲಿಲ್ಲ, ಹೆಣ್ಣಿಗಿತ್ತ ಅಭಯವನ್ನೂ ಮೀರಲಿಲ್ಲ. ಕೇಳುವವರು ಇಲ್ಲಿ ನಗುತ್ತಾರೆ. ಆದರೆ ಗಮನಿಸಬೇಕಾದುದು ಬೇರೆಯಿದೆ. ಮಾತು ಕೊಡುವ ಮೊದಲೇ ಅದನ್ನು ಮುರಿಯುವ ದಾರಿಯನ್ನು ಹುಡುಕಿದವನು ಭಕ್ತ. ಆ ದಾರಿಯನ್ನು ಮುಚ್ಚಿದವನು ಭಗವಂತ. ಶಿವನು ಇಲ್ಲಿ ನಿಂತುದು ಸಂಕಿಲೆಯ ಪಕ್ಷದಲ್ಲಿ.

ವಸಂತಕಾಲ ಬಂದಿತು. ತೆಂಕಣ ಗಾಳಿ ಬೀಸಿದೊಡನೆ ತಿರುವಾರೂರಿನ ವಸಂತೋತ್ಸವವೂ ಅಲ್ಲಿ ಪರವೆಯು ಹಾಡಿ ಕುಣಿಯುವ ಸೊಗಸೂ ನಂಬಿಗೆ ನೆನಪಾದವು. ಆತನು ತಿರುವೊತ್ತಿಯೂರಿನ ಎಲ್ಲೆಯನ್ನು ದಾಟಿದನು. ದಾಟಿದೊಡನೆ ಎರಡು ಕಣ್ಣುಗಳೂ ಇಂಗಿದವು. ಮುಂದಿನದು ಕುರುಡನ ಯಾತ್ರೆ. ತಿರುವೆಣ್ಪಾಕ್ಕದಲ್ಲಿ ಊರುಗೋಲು, ಕಂಚಿಯಲ್ಲಿ ಎಡಗಣ್ಣು, ತಿರುವಾರೂರಿನಲ್ಲಿ ಬಲಗಣ್ಣು ಆತನಿಗೆ ದೊರೆತವು. ಈ ದಾರಿಯಲ್ಲಿ ಹಾಡಿದ ಪದಿಗಗಳಲ್ಲಿ ಆತನು ಬೇಡುತ್ತಾನೆ, ಜಗಳವಾಡುತ್ತಾನೆ, ವ್ಯಂಗ್ಯವಾಡುತ್ತಾನೆ. ಸಂಕಿಲೆಗಾಗಿ ನನ್ನ ಕಣ್ಣನ್ನು ಕೊಂಡೆಯಲ್ಲಾ ಎಂಬ ಅರ್ಥದ ಮಾತೂ ಆತನ ಬಾಯಿಂದಲೇ ಬಂದಿದೆ. ತಾನು ತಪ್ಪಿದುದು ಯಾರಿಗೆ ಎಂಬುದು ಆತನಿಗೆ ಗೊತ್ತಿತ್ತು.

ಭಕ್ತನ ದೋಷಗಳನ್ನು ಶಿವನು ಎಣಿಸುವುದಿಲ್ಲವೆಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ನಂಬಿಯ ಶೃಂಗಾರವನ್ನು ಶಿವನು ಎಣಿಸಲಿಲ್ಲ. ಸಿರಿಯ ಬೇಡಿಕೆಯನ್ನು ಎಣಿಸಲಿಲ್ಲ. ತನ್ನನ್ನೇ ಬೈದುದನ್ನೂ ಎಣಿಸಲಿಲ್ಲ. ಎಣಿಸಿದುದು ಹೆಂಡತಿಗೆ ಕೊಟ್ಟ ಮಾತನ್ನು ಮುರಿದ ತಪ್ಪೊಂದನ್ನೇ. ಪರಮಸಖನಾದ ಭಕ್ತನಿಗೂ ಆ ಒಂದು ವಿಷಯದಲ್ಲಿ ರಿಯಾಯಿತಿ ದೊರೆಯಲಿಲ್ಲ. ನಡೆನುಡಿಗಳು ಒಂದಾಗಿರಬೇಕೆಂಬುದನ್ನು ಧರ್ಮದ ತಿರುಳೆಂದು ಸಾರಿದ ಶರಣರ ನಾಡಿನಲ್ಲಿ ಈ ಕಥೆ ಬೇರೂರಿದುದು ಆಕಸ್ಮಿಕವಲ್ಲ. ಹರಿಹರನೇ ಬರೆದ ಮಹಾದೇವಿಯಕ್ಕನ ರಗಳೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಕೌಶಿಕನು ಒಪ್ಪಿದ ಕಟ್ಟಳೆಗಳನ್ನು ಮೂರು ಸಲ ಮೀರುತ್ತಾನೆ. ಅಕ್ಕನು ಆತನನ್ನು ತೊರೆದು ಹೊರಡುತ್ತಾಳೆ. ಭವಿಯಾದ ಅರಸನು ಮಾತು ತಪ್ಪಿದಾಗ ಹೆಣ್ಣೇ ತೀರ್ಪು ಕೊಟ್ಟಳು; ಭಕ್ತನಾದ ನಂಬಿ ಮಾತು ತಪ್ಪಿದಾಗ ದೇವರು ತೀರ್ಪು ಕೊಟ್ಟನು. ಎರಡೂ ಕಡೆ ದಾಂಪತ್ಯವನ್ನು ತೂಗುವ ತಕ್ಕಡಿ ಒಂದೇ, ಅದು ಕೊಟ್ಟ ಮಾತು.

ಈಗ ಪರವೆಯ ಬಾಗಿಲಿಗೆ ಬರೋಣ. ಕಣ್ಣು ಪಡೆದ ನಂಬಿ ಊರು ಸೇರಿದನು. ತಿರುವೊತ್ತಿಯೂರಿನ ಸುದ್ದಿಯೆಲ್ಲವನ್ನೂ ಮೊದಲೇ ತಿಳಿದಿದ್ದ ಪರವೆ ಆತನ ಪರಿವಾರವನ್ನು ಒಳಕ್ಕೆ ಬಿಡಲಿಲ್ಲ. ತಿಳಿದವರು ಬಂದು ಸಂಧಾನಕ್ಕೆ ಯತ್ನಿಸಿದಾಗ, ಇನ್ನೊಮ್ಮೆ ಆ ಮಾತನ್ನೆತ್ತಿದರೆ ಪ್ರಾಣ ಬಿಡುವೆನೆಂದಳು. ಆಕೆಯ ಮುನಿಸು ನಂಬಿಯ ಮೇಲೆ. ಸಂಕಿಲೆಯ ಮೇಲೆ ಬೈಗುಳವಾಗಿ ಅದು ಹರಿಯಲಿಲ್ಲ. ನಮ್ಮ ಜನಪದದಲ್ಲಿ ಗಂಗೆಗೌರಿಯರ ಹಾಡುಗಳನ್ನು ಕೇಳಿದವರಿಗೆ ಸವತಿಯರ ವಾಗ್ವಾದದ ರುಚಿ ಗೊತ್ತು. ಜಡೆಯಲ್ಲಿ ಒಬ್ಬಳನ್ನೂ ಮೈಯರ್ಧದಲ್ಲಿ ಒಬ್ಬಳನ್ನೂ ಇರಿಸಿಕೊಂಡ ಶಿವನು ಆ ಹಾಡುಗಳಲ್ಲಿ ನಡುವೆ ಸಿಕ್ಕಿ ಬಳಲುತ್ತಾನೆ. ಪರವೆ-ಸಂಕಿಲೆಯರ ಕಥೆಯಲ್ಲಾದರೋ ಅಂಥ ಜಗಳಕ್ಕೆ ಎಡೆಯೇ ಇಲ್ಲ. ತಪ್ಪು ಯಾರದೆಂಬ ವಿಷಯದಲ್ಲಿ ಇಬ್ಬರಿಗೂ ಭ್ರಮೆಯಿಲ್ಲ.

ನಡುರಾತ್ರಿ ನಂಬಿಯ ಮೊರೆ ಕೇಳಿ ಶಿವನು ಮೊದಲು ಗುಡಿಯ ಅರ್ಚಕನ ರೂಪದಲ್ಲಿ ಪರವೆಯ ಮನೆಗೆ ಹೋದನು. ಆಕೆ ಗೌರವದಿಂದ ಬಾಗಿಲು ತೆರೆದಳು. ಬಂದ ಕಾರ್ಯವನ್ನು ಕೇಳಿ ಖಂಡಿತವಾಗಿ ನಿರಾಕರಿಸಿದಳು. ಶಿವನು ಬರಿಗೈಯಲ್ಲಿ ಹಿಂದಿರುಗಿದನು. ನಂಬಿ ಮತ್ತೆ ಗೋಳಿಟ್ಟನು. ಎರಡನೆಯ ಬಾರಿ ಶಿವನು ಗಣಪರಿವಾರದೊಡನೆ ನಿಜರೂಪದಲ್ಲಿ ನಡೆದುಬಂದನು. ಮೊದಲು ಬಂದವನೂ ದೇವನೇ ಎಂದರಿತು ತಳಮಳಿಸುತ್ತಿದ್ದ ಪರವೆ ಆಗ ನಡುಗಿ ಕೈಮುಗಿದು ಒಪ್ಪಿಕೊಂಡಳು.

ಇಲ್ಲಿ ವಿಮರ್ಶಕನು ಒಂದು ಕಷ್ಟದ ಪ್ರಶ್ನೆಯನ್ನು ಎದುರಿಸಬೇಕು. ಅರ್ಚಕನಿಗೆ ಒಪ್ಪದವಳು ದೇವರಿಗೆ ಒಪ್ಪಿದಳು. ಇದು ಕ್ಷಮೆಯೇ, ಶರಣಾಗತಿಯೇ? ಆಕೆಯ ಮನಸ್ಸಿನ ಗಾಯ ಮಾಯಿತೆಂದು ಕಥೆ ಹೇಳುವುದಿಲ್ಲ; ಭಕ್ತನಿಗಾಗಿ ನೀನು ಇಷ್ಟು ಅಲೆದ ಮೇಲೆ ನಾನು ಒಪ್ಪದೆ ಇರುವುದು ಹೇಗೆಂಬ ಭಾವವೇ ಅಲ್ಲಿ ಮುಂದಾಗಿದೆ. ಅವಳ ಒಪ್ಪಿಗೆಯು ಗಂಡನಿಗೆ ಸಂದುದಲ್ಲ, ಬೀದಿಯಲ್ಲಿ ಸವೆದ ಆ ಪಾದಗಳಿಗೆ ಸಂದುದು. ಆದರೂ ಈ ಪ್ರಸಂಗವನ್ನು ಬಲವಂತವೆಂದು ತಳ್ಳಿಹಾಕಲು ಬರುವುದಿಲ್ಲ. ಮೊದಲ ಸಲ ಪರವೆ ನಿರಾಕರಿಸಿದಾಗ ಆಕೆಯ ಕಣ್ಣು ಇಂಗಲಿಲ್ಲ, ಅವಳಿಗೆ ಶಾಪ ತಟ್ಟಲಿಲ್ಲ. ದೇವರೇ ಹೋಗಿ ಕೇಳಿದರೂ ಇಲ್ಲವೆನ್ನುವ ಹಕ್ಕು ನೊಂದ ಹೆಂಡತಿಗಿದೆಯೆಂಬುದನ್ನು ಕಥೆ ಒಪ್ಪಿಕೊಂಡಿದೆ. ಮಾತು ತಪ್ಪಿದ ಗಂಡನಿಗೆ ದಂಡನೆ. ಮುನಿದ ಹೆಂಡತಿಗೆ ಮನ್ನಣೆ. ಪುರಾಣಕಥೆಗಳಲ್ಲಿ ಸುಲಭವಾಗಿ ಕಾಣಸಿಗದ ನ್ಯಾಯವಿದು.

ಈ ಕಥೆಯನ್ನು ಖಂಡಿಸುವವರು ಪರಂಪರೆಯ ಹೊರಗಿನಿಂದಲೇ ಬರಬೇಕಾಗಿಲ್ಲ. ಅರುವತ್ತುಮೂವರಲ್ಲೇ ಒಬ್ಬನಾದ ಕಲಿಕಾಮನು, ದೇವರನ್ನು ಹೆಣ್ಣಿನ ಬಳಿಗೆ ದೂತನನ್ನಾಗಿ ಕಳುಹಿಸಿದ ನಂಬಿಯನ್ನು ಕಂಡರಾಗದೆ ಕುದಿದನು. ಹೊಟ್ಟೆನೋವಿನ ರೋಗ ಬಂದು, ಅದನ್ನು ನಂಬಿಯೇ ಗುಣಪಡಿಸುವನೆಂದು ಶಿವನು ತಿಳಿಸಿದಾಗ, ಅಂಥವನಿಂದ ವಾಸಿಯಾಗುವುದಕ್ಕಿಂತ ಸಾವೇ ಮೇಲೆಂದು ಹೊಟ್ಟೆಯನ್ನು ಬಗಿದುಕೊಂಡನು. ಅದನ್ನು ಕಂಡ ನಂಬಿ ತಾನೂ ಸಾಯಲು ಸಿದ್ಧನಾದನು; ಶಿವಕೃಪೆಯಿಂದ ಕಲಿಕಾಮನು ಬದುಕಿ ಇಬ್ಬರೂ ಗೆಳೆಯರಾದರು. ತನ್ನ ನಾಯಕನನ್ನು ತೀವ್ರವಾಗಿ ದ್ವೇಷಿಸಿದವನನ್ನೂ ಪುರಾತನರ ಸಾಲಿನಲ್ಲಿ ಕೂರಿಸಿದ ಪರಂಪರೆಯ ಧೈರ್ಯ ದೊಡ್ಡದು. ಆದರೆ ಕಲಿಕಾಮನ ಕೋಪಕ್ಕೆ ಕಾರಣವಾದುದು ದೇವರಿಗಾದ ಅಗೌರವ. ಹೆಣ್ಣಿಗಾದ ಅನ್ಯಾಯವು ಆತನ ಕಣ್ಣಿಗೂ ಬೀಳಲಿಲ್ಲ.

ಆದುದರಿಂದಲೇ ಕೊನೆಗೆ ಉಳಿಯುವ ಪ್ರಶ್ನೆ ಸಂಕಿಲೆಯದು. ನಂಬಿ ತಿರುವೊತ್ತಿಯೂರಿನಲ್ಲಿದ್ದಾಗ ಪರವೆ ಹಿಂದಿನವಳು, ಸಂಕಿಲೆ ಇಂದಿನವಳು. ತಿರುವಾರೂರಿಗೆ ಮರಳಿದಾಗ ಪರವೆ ಇಂದಿನವಳಾದಳು, ಸಂಕಿಲೆ ಹಿಂದಿನವಳಾದಳು. ಹಿಂದಿನವಳು, ಇಂದಿನವಳು ಎಂಬ ಹೆಸರುಗಳು ಆ ಹೆಣ್ಣುಗಳ ಗುಣದಿಂದ ಹುಟ್ಟಿದವಲ್ಲ, ಗಂಡನ ಕಾಲ ನಡೆಯಿಂದ ಹುಟ್ಟಿದವು. ಒಬ್ಬಳ ಬಾಗಿಲಿಗೆ ದೇವರು ಎರಡು ಸಲ ನಡೆದನು. ಇನ್ನೊಬ್ಬಳ ಬಾಗಿಲನ್ನು ಕಥೆ ಮತ್ತೆ ತಟ್ಟುವುದಿಲ್ಲ. ಬಿಳಿಯಾನೆಯನ್ನೇರಿ ನಂಬಿ ಕೈಲಾಸಕ್ಕೆ ಹೋದ ಬಳಿಕ, ಪರವೆ ಮತ್ತು ಸಂಕಿಲೆಯರು ಕಮಲಿನಿ-ಅನಿಂದಿತೆಯರಾಗಿ ದೇವಿಯ ಸೇವೆಗೆ ಮರಳಿದರೆಂದು ಮಾತ್ರ ಶೇಕ್ಕಿಳಾರನಿಂದ ತಿಳಿಯುತ್ತದೆ. ಮೊದಲಿನಂತೆ ಇಬ್ಬರೂ ಒಂದೇ ಕಡೆ, ಒಬ್ಬನ ಹೆಂಡಿರಾಗಿ ಅಲ್ಲ, ಒಬ್ಬಳ ಪರಿಚಾರಿಕೆಯರಾಗಿ.

ಸಂಕಿಲೆಯ ನಂತರದ ದಿನಗಳ ಬಗೆಗಿನ ಈ ಮೌನವನ್ನು ದೋಷವೆನ್ನಬೇಕೇ? ಕವಿಯ ದೃಷ್ಟಿ ಭಕ್ತನ ಮೇಲಿರುವಾಗ ಇದು ಸಹಜವೆಂದು ಹೇಳಿ ಮುಗಿಸಬಹುದು. ಆದರೆ ನಮ್ಮ ಪರಂಪರೆಯಲ್ಲೇ ಬೇರೊಂದು ದಾರಿಯೂ ತೆರೆದಿತ್ತು. ಕಲ್ಯಾಣದಲ್ಲಿ ಬಸವಣ್ಣನವರ ಮಡದಿಯರಾದ ಗಂಗಾಂಬಿಕೆ ಮತ್ತು ನೀಲಾಂಬಿಕೆಯರಿಬ್ಬರೂ ತಮ್ಮತಮ್ಮ ಅಂಕಿತದಲ್ಲಿ ವಚನಗಳನ್ನು ನುಡಿದರು. ಹಿರಿಯಳು ಯಾರು, ಕಿರಿಯಳು ಯಾರು ಎಂಬುದಕ್ಕಿಂತ ಇಬ್ಬರಿಗೂ ಸ್ವಂತ ನುಡಿಯಿತ್ತೆಂಬುದು ಅಲ್ಲಿ ಮುಖ್ಯ. ಪರವೆ-ಸಂಕಿಲೆಯರಿಗೆ ಆ ಭಾಗ್ಯ ದೊರೆಯಲಿಲ್ಲ. ಅವರ ಮಾತು ಗಂಡನ ಹಾಡಿನಲ್ಲಿಯೂ ಕವಿಗಳ ಕಥೆಯಲ್ಲಿಯೂ ತುಣುಕಾಗಿ ಉಳಿದಿದೆ. ಆ ತುಣುಕುಗಳನ್ನು ಹೆಕ್ಕಿ ಕೇಳುವ ಹೊಣೆ ಓದುಗನದು.

ಕಥೆಯನ್ನು ಸಂಕೇತಾರ್ಥದಲ್ಲಿ ಕರಗಿಸಿ, ಇಬ್ಬರು ಹೆಂಡಿರನ್ನು ಎರಡು ಶಕ್ತಿಗಳೆಂದು ವಿವರಿಸಿ ಮುಜುಗರವನ್ನು ಕಳೆದುಕೊಳ್ಳುವ ಪದ್ಧತಿಯುಂಟು. ಆ ಅರ್ಥಕ್ಕೆ ಅದರದೇ ಬೆಲೆಯಿರಬಹುದು. ಆದರೆ ಶಕ್ತಿಗಳು ಬಾಗಿಲು ಮುಚ್ಚಿಕೊಂಡು ಅಳುವುದಿಲ್ಲ, ಬಕುಳದ ಮರದಡಿಯಲ್ಲಿ ಆಣೆ ಮಾಡಿಸಿಕೊಳ್ಳುವುದಿಲ್ಲ. ಇದಕ್ಕಿಂತ ಅಪಾಯವಾದುದು ಪುರಾತನರ ಹೆಸರನ್ನು ಹೇಳಿ ತಮ್ಮ ನಡತೆಗೆ ಸಮರ್ಥನೆ ಹುಡುಕುವವರ ಪದ್ಧತಿ. ಹೆಂಡತಿಯಿರುವಾಗ ಇನ್ನೊಂದು ಮದುವೆಯಾಗುವುದನ್ನು 1955ರ ಹಿಂದೂ ವಿವಾಹ ಕಾಯಿದೆ ನಿಷೇಧಿಸಿದೆ. ಕಾಯಿದೆ ಇಲ್ಲದ ಕಾಲದ ಕಥೆಯನ್ನು ನೆರಳಾಗಿ ಹಿಡಿಯುವವನು ಆ ಕಥೆಯನ್ನು ಪೂರ್ತಿ ಓದಲಿ. ನಂಬಿಯಂತೆ ಇಬ್ಬರನ್ನು ಬಯಸುವುದು ಸುಲಭ. ನಂಬಿಯಂತೆ ಕಣ್ಣು ಕಳೆದುಕೊಂಡು ಕೋಲೂರಿ ನಡೆಯಲು ಯಾರು ಸಿದ್ಧರಿದ್ದಾರೆ?

ನಂಬಿಯಣ್ಣನ ಕಥೆಯನ್ನು ಮುಚ್ಚಿಡಬೇಕಾಗಿಲ್ಲ, ನಾಚಿಕೊಳ್ಳಬೇಕಾಗಿಯೂ ಇಲ್ಲ. ಶಿವನು ಭಕ್ತನಿಗೆ ಎಷ್ಟು ಸುಲಭನೆಂಬುದನ್ನು ಸಾರುವಾಗಲೇ, ಮನೆಯೊಳಗೆ ಕೊಟ್ಟ ಮಾತು ಗುಡಿಯೊಳಗೆ ಕೊಟ್ಟ ಮಾತಿನಷ್ಟೇ ಕಠಿನವೆಂಬುದನ್ನೂ ಅದು ಸಾರುತ್ತದೆ. ಪ್ರವಚನಕಾರರು ಪರವೆಯ ಬಾಗಿಲಿನಲ್ಲಿ ನಿಂತ ದೇವರನ್ನು ವರ್ಣಿಸಿದ ಮೇಲೆ ಒಂದು ಗಳಿಗೆ ತಡೆದು, ತಿರುವೊತ್ತಿಯೂರಿನಲ್ಲಿ ಹೂ ಕಟ್ಟುತ್ತ ಉಳಿದವಳನ್ನೂ ನೆನೆಯಲಿ. ಆಕೆಗೆ ಕೊಟ್ಟ ಮಾತನ್ನು ಭಕ್ತನು ಮರೆತರೂ ದೇವರು ಮರೆಯಲಿಲ್ಲವೆಂಬುದಕ್ಕೆ ಇಂಗಿಹೋದ ಆ ಎರಡು ಕಣ್ಣುಗಳೇ ಸಾಕ್ಷಿ.